ಗಾರ್ನ್ ಎಂಬ ಮಾತಿನ ಕರುಳು

ಮಧ್ಯಾಹ್ನ ಮೂರು ಗಂಟೆಗೆ ಕೊಲ್ಹಾಪುರದ ಸಭಾಗೃಹದಲ್ಲಿ ನಿಂತು ತಾನು ಹೇಳಬೇಕಾಗಿರುವುದು ಸುಳ್ಳು ಎಂಬುದು ಮಯೂರಿಗೆ ಬೆಳಿಗ್ಗೆ ಆರಕ್ಕೇ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈ ಎಂದಿನಂತೆ ರೊಟ್ಟಿ ಬಡಿಯುತ್ತಿತ್ತು, ರೊಟ್ಟಿ ಎಂದಿನಂತೆ ಹಂಚಿನ ಮೇಲೆ ಉಬ್ಬುತ್ತಿತ್ತು. ಮನಸ್ಸು ಕಲಕಿದ್ದರೆ ರೊಟ್ಟಿ ಹರಿಯುತ್ತದೆ ಎಂದು ಗಡಹಿಂಗ್ಲಜದಲ್ಲಿ ಅವ್ವ ಹೇಳುತ್ತಿದ್ದಳು. ಹಾಗಾದರೆ ನನ್ನ ಮನಸ್ಸು ಕಲಕಿಲ್ಲವೋ, ಅಥವಾ ಎರಡು ವರ್ಷದಲ್ಲಿ ಕೈಗೂ ಸುಳ್ಳು ರೂಢಿಯಾಗಿದೆಯೋ. ಹಿತ್ತಿಲ ಶೆಡ್ಡಿನಲ್ಲಿ ಗಂಡ ಆಶಿಷನ ನಾಲ್ಕು ಮಗ್ಗಗಳಲ್ಲಿ ಮೂರು ಬಡಿದುಕೊಳ್ಳುತ್ತಿದ್ದವು. ನಾಲ್ಕನೆಯದು ಹಾಸಿನ ನೂಲು ಸುತ್ತಿದ ಹೊಸ ಬೀಮಿಗಾಗಿ ಕಾಯುತ್ತ ಸುಮ್ಮನಿತ್ತು. ಇಚಲಕರಂಜಿಗೆ ಸೊಸೆಯಾಗಿ ಬಂದ ಮೊದಲ ವಾರ ಆ ಸಪ್ಪಳಕ್ಕೆ ನಿದ್ದೆ ಬರುತ್ತಿರಲಿಲ್ಲ. ಈಗ ಅದು ನಿಂತರೆ ಎಚ್ಚರವಾಗುತ್ತದೆ. ಹತ್ತು ವರ್ಷದ ಋತುಜಾ ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಮಮ್ಮಿ, ಇವತ್ತ ನಿನ್ನ ಹೆಸರ ಹೇಳತಾರಲ್ಲಾ? ಆಮ್ಯಾಲ ನೀ ದಿನಾ ಆರಕ್ಕ ಮನ್ಯಾಗ ಇರ್ತಿ ಹೌದಿಲ್ಲೊ?"

"ಮೊದ್ಲ ಬಾಯಿ ತೊಳಕೊ. ನೊರಿ ಸೋರಾಕತ್ತೈತಿ."

"ಇರ್ತೀಯೊ ಇಲ್ಲೊ ಹೇಳು."

ಇರುತ್ತೇನೆ ಎಂಬ ಮಾತು ಬಾಯಿಗೆ ಬಂತು. ಅದು ಸುಳ್ಳೂ ಆಗುತ್ತಿರಲಿಲ್ಲ. ಕೊಲ್ಹಾಪುರದ ನಿಲೇಶ ಸರ್ ಅವರ ಜರ್ಮನ್ ಕ್ಲಾಸಿಗೆ ಇಂದಿಗೆ ಹತ್ತು ವರ್ಷ. ನರ್ಸ್ ಕಲಿತ ಹುಡುಗಿಯರು, ಐ.ಟಿ.ಐ. ಮುಗಿಸಿದ ಹುಡುಗರು ಅಲ್ಲಿ ಬಂದು ಜರ್ಮನ್ ಕಲಿಯುತ್ತಾರೆ. ಮಯೂರಿ ಒಂಬತ್ತು ವರ್ಷದಿಂದ ಕಲಿಸುತ್ತಿದ್ದಾಳೆ. ಇಂದು ಹತ್ತನೆಯ ವರ್ಷದ ಸಮಾರಂಭ, ಅವಳು ಬರೆದ ಮರಾಠಿ ಪುಸ್ತಿಕೆಯ ಬಿಡುಗಡೆ, ಅವಳ ಹತ್ತು ನಿಮಿಷದ ಭಾಷಣ, ಅದು ಮುಗಿದ ಮೇಲೆ ಇಚಲಕರಂಜಿಯಲ್ಲಿ ತೆರೆಯುವ ಶಾಖೆಗೆ ಅವಳೇ ಮುಖ್ಯಸ್ಥೆ ಎಂಬ ಘೋಷಣೆ. ಸಂಜೆಯ ಬಸ್ಸಿನಲ್ಲಿ ನಿಂತು ಬರುವುದು, ಎಂಟಕ್ಕೆ ಮನೆ ಮುಟ್ಟಿದಾಗ ಮಗಳು ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುವುದು, ಅವಳ ಕೈಯಿಂದ ಪೆನ್ಸಿಲನ್ನು ಮೆಲ್ಲಗೆ ಬಿಡಿಸುವುದು, ಎಲ್ಲ ಮುಗಿಯುತ್ತಿತ್ತು. ನಡುವೆ ಇದ್ದದ್ದು ಒಂದೇ ಒಂದು ಮಾತು. ಗಾರ್ನ್. ಜರ್ಮನ್ ಭಾಷೆಯಲ್ಲಿ ಗಾರ್ನ್ ಎಂದರೆ ನೂಲು.

ಮೊದಲ ವರ್ಷ ಅದನ್ನು ಕಲಿಸುವಾಗ ಅವಳಿಗೇ ಹೊಳೆದದ್ದು: ಸಂಸ್ಕೃತದಲ್ಲಿ ಗುಣ ಎಂದರೆ ಎಳೆ, ದಾರ. ಗುಣ, ಗಾರ್ನ್. ಹುಡುಗರು ಚಪ್ಪಾಳೆ ತಟ್ಟಿದರು. ಮರುದಿನ ನಿಲೇಶ ಸರ್ ಅದನ್ನು ಜಾಹೀರಾತಿನ ಹಾಳೆಯ ಮೇಲೆ ಅಚ್ಚು ಹಾಕಿಸಿದರು: ಜರ್ಮನರ ನೂಲಿಗೆ ಹೆಸರಿಟ್ಟವರು ನಾವು! ಅಪ್ಪ ಬಸವಣ್ಣೆಪ್ಪ ಆ ಹಾಳೆಯನ್ನು ಗಡಹಿಂಗ್ಲಜದ ತನ್ನ ಬೆಲ್ಲದ ಅಂಗಡಿಯಲ್ಲಿ ಬಸವಣ್ಣನವರ ಫೋಟೋದ ಕೆಳಗೆ ಅಂಟಿಸಿದ. ಬೇರೆ ಊರಿನ ಮೇಷ್ಟರು ಯಾರಾದರೂ ಇಂಥ ತಪ್ಪು ಮಾಡುತ್ತಿದ್ದರೋ ಇಲ್ಲವೋ. ಮನೆಮನೆಯಲ್ಲೂ ನೂಲು ಹರಿದಾಡುವ ಊರಿನ ಸೊಸೆ, ಪೂಜೆಯ ಕೋಣೆಯಲ್ಲಿ ಸಂಸ್ಕೃತ ಕೇಳುತ್ತ ಬೆಳೆದವಳು, ಇದನ್ನು ಮಾಡದೆ ಇರುವುದು ಕಷ್ಟವಿತ್ತು.

"ಮಯೂರಿ, ಒಂದ ತಾಸ ಎಳಿ ಕೊಡ್ತೀಯೇನವಾ? ಬೀಮ ಬಂದೈತಿ, ನನ್ನ ಮುಂದ ಕುಂದರಾಕ ಯಾರೂ ಇಲ್ಲ." ಅತ್ತೆ ಕಲ್ಲವ್ವ ಶೆಡ್ಡಿನ ಬಾಗಿಲಿನಿಂದ ಕೂಗಿದಳು.

"ಹತ್ತರ ಬಸ್ಸಿಗೆ ಹೋಗಬೇಕ್ರಿ ಅತ್ಯಾರ."

"ಹೋಗವಾ. ನಿನ್ನ ಕಟ್ಟಿ ಹಾಕಂಗಿಲ್ಲ. ಮಂದಿ ಮುಂದ ಭಾಷಣ ಮಾಡಾಕಿ ನೀ, ಮೂಲ್ಯಾಗ ಕೊಂಡಿ ಎಳ್ಯಾಕಿ ನಾ."

ಹೊಸ ಬೀಮು ಬಂದಾಗ ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ಮೊದಲು ವಹಿ ಎಂಬ ತಂತಿಗಳ ಕಣ್ಣಿನೊಳಗಿಂದ, ಆಮೇಲೆ ಫಣಿ ಎಂಬ ಬಾಚಣಿಗೆಯ ಹಲ್ಲಿನ ಸಂದಿಯಿಂದ ದಾಟಿಸಬೇಕು. ಊರಲ್ಲಿ ಇದಕ್ಕೆ ವಹಿಫಣಿ ಎನ್ನುತ್ತಾರೆ. ಇಬ್ಬರ ಕೆಲಸ. ಬೀಮಿನ ಕಡೆ ಕೂತವರು ಒಂದು ಎಳೆಯನ್ನು ಬೇರ್ಪಡಿಸಿ ಕೊಡಬೇಕು, ಈಚೆ ಕೂತವರು ಸಣ್ಣ ಕೊಂಡಿ ತೂರಿಸಿ ಅದನ್ನು ಎಳೆದುಕೊಳ್ಳಬೇಕು. ಕಲ್ಲವ್ವನಿಗೆ ಅರವತ್ತಾರು, ಕಣ್ಣಿಗೆ ದಪ್ಪ ಕನ್ನಡಕ, ಬೆರಳಿಗೆ ಮಾತ್ರ ವಯಸ್ಸಾಗಿಲ್ಲ. ಎಳೆಗಳ ಪರದೆಯ ಆಚೆ ಅತ್ತೆಯ ಮುಖ ಮಂಜಿನಲ್ಲಿದ್ದಂತೆ ಕಾಣುತ್ತಿತ್ತು. ಮಯೂರಿ ಕೊಡುತ್ತ ಹೋದಳು, ಕೊಂಡಿ ಬರುತ್ತ ಹೋಯಿತು, ಮನಸ್ಸು ಎರಡು ವರ್ಷ ಹಿಂದಕ್ಕೆ ಜಾರಿತು. ವಿದ್ಯಾಪೀಠದ ಗ್ರಂಥಾಲಯ, ಮಳೆ ಬಂದು ಬಿಟ್ಟ ಮಧ್ಯಾಹ್ನ, ಮೊಣಕಾಲಿನ ಮೇಲಿಟ್ಟ ಆ ದಪ್ಪ ಜರ್ಮನ್ ನಿಘಂಟು. ಬೇರೇನೋ ಹುಡುಕುತ್ತಿದ್ದಳು, ಹಾಳೆ ಮಗುಚಿದಾಗ ಗಾರ್ನ್ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಯಾರ್ನ್, ಡಚ್ಚಿನಲ್ಲಿ ಗಾರೆನ್, ಸ್ವೀಡನ್ನಿನವರಿಗೂ ಡೆನ್ಮಾರ್ಕಿನವರಿಗೂ ಗಾರ್ನ್. ನಾರ್ವೆಯ ಮೀನುಗಾರರು ತಮ್ಮ ಬಲೆಯನ್ನೇ ಗಾರ್ನ್ ಎನ್ನುತ್ತಾರೆ. ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ಐಸ್‌ಲ್ಯಾಂಡಿನಲ್ಲಿ ಗಾರ್ನಿರ್ ಎಂದರೆ ಇಂದಿಗೂ ಕರುಳುಗಳು. ನೂಲು ಎಂಬ ಅರ್ಥಕ್ಕಿಂತ ಹಿಂದಿನದು ಅದೇ. ಆ ಜನರ ಮೊದಲ ದಾರ, ಪ್ರಾಣಿಯ ಕರುಳನ್ನು ಹಿಂಡಿ ಒಣಗಿಸಿ ಹೊಸೆದದ್ದು. ಗುಣದ ಸುದ್ದಿಯೇ ಅಲ್ಲಿರಲಿಲ್ಲ. ಮಯೂರಿ ಎದ್ದು ಸುತ್ತ ನೋಡಿದಳು. ಯಾರೂ ಇರಲಿಲ್ಲ. ನಿಘಂಟನ್ನು ಅದರ ಜಾಗದಲ್ಲಿಡದೆ ಎರಡು ಕಪಾಟು ಆಚೆ, ಕೃಷಿ ವರದಿಗಳ ಹಿಂದೆ ತಳ್ಳಿದಳು. ಮೆಟ್ಟಿಲಿಳಿಯುವಾಗ ತನ್ನನ್ನು ನೋಡಿ ತನಗೇ ನಗು ಬಂತು, ಕೊಲ್ಹಾಪುರದಲ್ಲಿ ಯಾರು ಬಂದು ಹುಡುಕುತ್ತಾರೆ ಎಂದು. ನಗು ಬಸ್‌ಸ್ಟ್ಯಾಂಡಿನವರೆಗೂ ಇತ್ತು. ಬಸ್ಸಿನಲ್ಲಿ ಇರಲಿಲ್ಲ. ಯಾರೂ ಹುಡುಕದಿದ್ದರೂ ಒಬ್ಬಳು ಕೇಳಿಯಾಗಿತ್ತಲ್ಲ, ಅದಕ್ಕೂ ಒಂದು ವರ್ಷ ಮೊದಲೇ.

"ಎರಡ ಬಂದಾವ."

"ಏನ್ರಿ?"

"ಎರಡ ಎಳಿ ಕೊಟ್ಟಿ ಅಂದೆ. ಚಿತ್ತ ಎಲ್ಲೈತಿ? ಆಗಳೇ ಜರ್ಮನಿಗೆ ಹೋತೇನ?"

ಮಯೂರಿ ಎಳೆಯನ್ನು ಹಿಂತೆಗೆದುಕೊಳ್ಳಲಿಲ್ಲ. "ಹಂಗ ಹಾಕಿಬಿಟ್ರ ಏನಾಕ್ಕೈತ್ರಿ ಅತ್ಯಾರ? ಇಷ್ಟು ಸಾವಿರ ಎಳ್ಯಾಗ ಯಾರಿಗೆ ಕಾಣತೈತಿ?"

"ಉಟ್ಟಾಕಿಗೆ ಕಾಣಂಗಿಲ್ಲ." ಕಲ್ಲವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಎಳಿ ತುಂಬಿದಾಕಿಗೆ ಕಾಣತೈತಿ. ಒಂದ ಸಲ ಹಂಗ ಬಿಟ್ಟಿದ್ದೆ ನಾ, ಕೂಸು ಅಳಾಕತ್ತಿತ್ತು ಅಂತ. ಉದ್ದಕ್ಕ ಗೆರಿ ಬಿತ್ತು. ಆ ಅರಿವ್ಯಾಗ ನಿಮ್ಮ ಮಾವ ಅಂಗಿ ಹೊಲಿಸಿದ್ರು. ಆರ ವರ್ಷ ಆ ಗೆರಿ ನನ್ನ ಕಣ್ಣ ಮುಂದ ಅಡ್ಡಾಡಿತು ನೋಡು. ಅಂಗಿ ಹರೀವಲ್ದು, ಅವರು ಬಿಡವಲ್ರು!" ಆಕೆ ನಕ್ಕಳು, ಕೊಂಡಿಯನ್ನು ಮತ್ತೆ ತೂರಿಸಿದಳು. "ಒಂದ ಕೊಡು."

ಇದನ್ನು ಉಪದೇಶವೆಂದು ಹೇಳಿದ್ದಲ್ಲ. ಅತ್ತೆಗೆ ಗಾರ್ನೂ ಗೊತ್ತಿಲ್ಲ, ಗುಣವೂ ಗೊತ್ತಿಲ್ಲ. ಮಯೂರಿಗೆ ಸಿಟ್ಟು ಬಂತು. ಲೋಕದಲ್ಲಿ ಒಂದೊಂದು ದಿನ ಎಲ್ಲರೂ ನಮ್ಮ ವಿಷಯವನ್ನೇ ಮಾತಾಡುತ್ತಾರೆ, ಸುಮ್ಮನೆ, ಏನೂ ತಿಳಿಯದೆ. ಆದರೂ ಅವಳು ಎರಡನೆಯ ಎಳೆಯನ್ನು ಹಿಂದಕ್ಕೆ ತೆಗೆದು ಒಂದನ್ನೇ ಕೊಟ್ಟಳು.

ಹತ್ತರ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುತ್ತ ಬಸ್ಸು ಓಡುತ್ತಿತ್ತು. ಮೂರು ವರ್ಷದ ಹಿಂದೆ ಕ್ಲಾಸಿನಲ್ಲಿ ಆ ಪ್ರಶ್ನೆ ಕೇಳಿದ್ದವಳು ಮೋನಾಲಿ. ಆಗ ಅವಳು ನರ್ಸಿಂಗ್ ಮುಗಿಸಿ ಹೊಸದಾಗಿ ಕ್ಲಾಸಿಗೆ ಸೇರಿದ್ದಳು. ಅವಳ ಅಪ್ಪ ಕೃಷ್ಣಾತ ಕೊಲ್ಹಾಪುರದ ಓಣಿಯೊಂದರಲ್ಲಿ ಚಪ್ಪಲಿ ಮಾಡುತ್ತಿದ್ದ. ಗುಣ, ಗಾರ್ನ್ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವಳು ಎದ್ದು ನಿಂತಳು. "ಮ್ಯಾಡಂ, ಮೊದಲನೇ ದಾರ ಚರ್ಮದ್ದು, ಕರಳಿಂದು ಇದ್ದಿರಬೇಕಲ್ರಿ? ನಮ್ಮಪ್ಪ ಚರ್ಮದ ಎಳೀಲೆ ಹೊಲೀತಾನ. ಹತ್ತಿ ಹಿಂಜೋ ಬಿಲ್ಲಿಗಿ ಸೈತ ಕರಳಿನ ದಾರಾನ ಕಟ್ಟತಿದ್ರು, ನೂಲು ಆಮ್ಯಾಲ ಬಂತು ಅಂತಾನ." ಕ್ಲಾಸಿನ ಮಾತೆಲ್ಲ ಮರಾಠಿಯಲ್ಲಿ, ಅವಳು ಮಾತ್ರ ಮನೆಯ ಕನ್ನಡದಲ್ಲಿ ಕೇಳಿದ್ದಳು, ಇಬ್ಬರದೂ ಒಂದೇ ಮಾತು ಎಂಬ ಸಲಿಗೆಯಿಂದ. ಮಯೂರಿಗೆ ಆ ಕ್ಷಣ ಆದದ್ದು ಏನು? ಮಾಂಸದ ಹೆಸರೂ ಎತ್ತದ ಅಡುಗೆಮನೆಯ ಒಳಗೆ ಯಾರೋ ಕಾಲಿಟ್ಟ ಹಾಗೆ. ಅವಳು ಮುಗುಳ್ನಕ್ಕು, ಬಳಿಗೆ ಹೋಗಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, ಕನ್ನಡದಲ್ಲಿಯೇ ಅಂದಳು, "ಇದು ಭಾಷಾದ ಕ್ಲಾಸ್ ಐತಿ, ಚಪ್ಪಲಿ ಅಂಗಡಿ ಅಲ್ಲ. ಕುಂದ್ರು." ಮೋನಾಲಿ ಕೂತಳು. ಪುಸ್ತಕ ತೆರೆದು ಬರೆದುಕೊಂಡಳು: ಗುಣ. ಅದೇ ಹುಡುಗಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು, ಈಗ ಅದೇ ಕ್ಲಾಸಿನಲ್ಲಿ ಕಿರಿಯ ಶಿಕ್ಷಕಿ. ಹೊಸ ಹುಡುಗರಿಗೆ ಗುಣ, ಗಾರ್ನ್ ಎಂದು ಮುಖದಲ್ಲಿ ಒಂದು ಗೆರೆಯೂ ಕದಲದೆ ಕಲಿಸುತ್ತಾಳೆ. ಪಕ್ಕದ ಕೋಣೆಯಿಂದ ಆ ದನಿ ಕೇಳಿದಾಗಲೆಲ್ಲ ಮಯೂರಿಯ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಗುತ್ತಿತ್ತು. ಎಲ್ಲಿ ಹಿಂಡುತ್ತದೆ ಎಂದು ಕೇಳಿದರೆ ಕನ್ನಡದವರು ಯಾರೂ ಗುಣ ಎನ್ನುವುದಿಲ್ಲ, ಕರುಳು ಎನ್ನುತ್ತಾರೆ. ಋತುಜಾಗೆ ಜ್ವರ ಬಂದರೆ ಚುರುಕ್ ಎನ್ನುವುದು ಕರುಳು, ಹೆತ್ತವಳಿಗೆ ಮಗಳು ಕರುಳ ಕುಡಿ. ಇಷ್ಟು ಹತ್ತಿರದ ಮಾತಿಗೆ ನಾನು ಯಾಕೆ ಮೂಗು ಮುಚ್ಚಿಕೊಂಡೆ?

ಫೋನು ಬಡಿದುಕೊಂಡಿತು. ಅಪ್ಪ.

"ತಂಗೀ, ಕಾಗಲ ದಾಟೇವಿ. ಅಲ್ಲಪ್ಪನ್ನೂ ಕರಕೊಂಡ ಬರಾಕತ್ತೇನಿ."

"ಅವರನ್ನ ಯಾಕಪ್ಪಾ?"

"ಒಂಬತ್ತ ವರ್ಷಾತು, ಅಂವಗ ನಂಬಿಕೀನ ಇಲ್ಲ. 'ಬಸವಣ್ಣೆಪ್ಪಾ, ನಿನ್ನ ಮಗಳು ಗಾಳ್ಯಾಗ ಗುಂಡ ಹೊಡ್ಯಾಕತ್ತಾಳ' ಅಂತಾನ. ಇವತ್ತ ನಿನ್ನ ಬಾಯಿಂದ ಕೇಳ್ಲಿ ಮಗ." ಹಿಂದಿನಿಂದ ಅಪ್ಪನ ಹಳೆಯ ಗೆಳೆಯ ಅಲ್ಲಪ್ಪನ ದನಿ: "ಕೇಳ್ತೇನಿ ತೊಗೊಳಪಾ, ಕಿವಿ ತೊಳಕೊಂಡ ಬಂದೇನಿ!"

ಬಸ್ಸು ಪಂಚಗಂಗೆಯ ಸೇತುವೆ ದಾಟಿತು. ಹೇಳಿಬಿಡಬೇಕು ಎಂದು ಆಗಲೇ ನಿಶ್ಚಯವಾಯಿತೋ, ಅಥವಾ ಬೆಳಿಗ್ಗೆ ಎರಡನೆಯ ಎಳೆಯನ್ನು ಹಿಂದಕ್ಕೆ ತೆಗೆದಾಗಲೇ ಆಗಿತ್ತೋ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಇಳಿಯುವಾಗ ಕಾಲು ಗಟ್ಟಿಯಾಗಿತ್ತು.

ಸಭಾಗೃಹದ ವೇದಿಕೆಯ ಹಿಂದೆ ಬ್ಯಾನರು: ಮೇಲೆ ಗುಣ, ಕೆಳಗೆ ಗಾರ್ನ್, ನಡುವೆ ನೂಲಿನ ಉಂಡೆಯ ಚಿತ್ರ. ನಿಲೇಶ ಸರ್ ಓಡಿ ಬಂದರು. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ಚಂದದ ಮಾತು ಸಿಕ್ಕರೆ ಬಿಡುವವರೂ ಅಲ್ಲ. "ಮ್ಯಾಡಮ್, ಗುಣ-ಗಾರ್ನ್‌ಪಾಸೂನ್ ಸುರೂ ಕರಾ. ಅಲ್ಲಿಂದ ಶುರು ಮಾಡಿದರೆ ಇಡೀ ಹಾಲ್ ಎದ್ದು ನಿಲ್ಲುತ್ತದೆ. ಆಮೇಲೆ ನಾನು ಶಾಖೆಯ ಘೋಷಣೆ ಮಾಡುತ್ತೇನೆ." ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಿಕೆಯ ಕಟ್ಟುಗಳು, ಮೇಜಿನ ಹಿಂದೆ ಮೋನಾಲಿ. ಮೊದಲ ಸಾಲಿನಲ್ಲಿ ಬಿಳಿ ಟೊಪ್ಪಿಗೆಯ ಅಪ್ಪ, ಪಕ್ಕದಲ್ಲಿ ಕೈಕಟ್ಟಿ ಕೂತ ಅಲ್ಲಪ್ಪ.

ಮಯೂರಿ ಗುಣ-ಗಾರ್ನ್‌ನಿಂದಲೇ ಶುರು ಮಾಡಿದಳು. "ಒಂಬತ್ತು ವರ್ಷದಿಂದ ನಾನು ನಿಮಗೆ ಹೇಳುತ್ತ ಬಂದದ್ದು ತಪ್ಪು" ಎಂದು ಮರಾಠಿಯಲ್ಲಿ ಹೇಳಿದಳು. ಮೈಕಿನಲ್ಲಿ ತನ್ನ ದನಿ ಬೇರೆಯವಳದೆಂಬಂತೆ, ನಿಚ್ಚಳವಾಗಿ ಕೇಳಿಸಿತು. ಸಭೆಯಲ್ಲಿ ಯಾರೋ ನಕ್ಕರು, ಇದು ಭಾಷಣದ ಚಮತ್ಕಾರ, ಈಗ ತಿರುವುತ್ತಾಳೆ ಎಂದುಕೊಂಡು. ಅವಳು ತಿರುವಲಿಲ್ಲ. ಯಾರ್ನ್, ಗಾರೆನ್, ಗಾರ್ನ್, ಮೀನಿನ ಬಲೆ, ಐಸ್‌ಲ್ಯಾಂಡಿನ ಗಾರ್ನಿರ್ ಎಲ್ಲವನ್ನೂ ಕ್ಲಾಸಿನಲ್ಲಿ ಹೇಳುವಂತೆ ಒಂದೊಂದಾಗಿ ಹೇಳಿದಳು. ಆ ಮಾತಿನ ಮೂಲ ಕರುಳು ಎಂದಳು. "ಸಂಸ್ಕೃತದಲ್ಲಿಯೂ ಅದೇ ಬೇರಿನದೆಂದು ಪಂಡಿತರು ತೋರಿಸುವ ಒಂದು ಮಾತಿದೆ: ಹಿರಾ. ರಕ್ತನಾಳ ಎಂದು ಅರ್ಥ. ಅದು ಗಾರ್ನಿನ ತಾಯಿಯಲ್ಲ, ದೂರದ ತಂಗಿ. ನಾನು ತಂಗಿಯನ್ನು ಬಿಟ್ಟು ಇಲ್ಲದ ತಾಯಿಯನ್ನು ಹುಟ್ಟಿಸಿದೆ. ಇದು ತಿಳಿದು ಎರಡು ವರ್ಷವಾಯಿತು. ಚಪ್ಪಾಳೆ ಚೆನ್ನಾಗಿತ್ತು, ಸುಮ್ಮನಿದ್ದೆ." ನಗು ನಿಂತಿತು. ನರ್ಸ್ ಹುಡುಗಿಯರ ಸಾಲಿನಿಂದ ಒಬ್ಬಳು ದೊಡ್ಡದಾಗಿ ಅಂದಳು, "ಆಪರೇಶನ್ನಿನ ಹೊಲಿಗೆ ದಾರವೂ ಕರುಳಿನದೇ ಇರುತ್ತಿತ್ತಲ್ಲ!" ಸಾಲು ಸಾಲೇ ತಲೆಯಾಡಿಸಿತು, ಅವರಿಗೆ ಅದು ಹೇಸಿಗೆಯೂ ಅಲ್ಲ, ಹೊಸತೂ ಅಲ್ಲ. ಮಯೂರಿ ಮುಂದುವರಿದಳು, "ಇದನ್ನು ನಿಘಂಟಿಗಿಂತ ಮೊದಲು ನನಗೆ ಹೇಳಿದವರು ಚಪ್ಪಲಿ ಮಾಡುವ ಕೃಷ್ಣಾತ ಅವರು, ಮಗಳು ಮೋನಾಲಿಯ ಬಾಯಿಂದ. ಅವಳು ಕೇಳಿದಾಗ ನಾನು ಅವಮಾನ ಮಾಡಿ ಕೂಡಿಸಿದೆ." ಬಾಗಿಲ ಬಳಿ ಮೋನಾಲಿ ತಲೆಯೆತ್ತಲಿಲ್ಲ. ಪುಸ್ತಿಕೆಗಳ ಅಂಚನ್ನು ಸರಿ ಮಾಡುತ್ತಿದ್ದಳು, ಸರಿಯಾಗಿದ್ದ ಅಂಚನ್ನೇ.

ಚಪ್ಪಾಳೆ ಬಂತು, ಮಳೆ ಬರುವ ಮೊದಲಿನ ನಾಲ್ಕು ಹನಿಯ ಹಾಗೆ. ನಿಲೇಶ ಸರ್ ಮೈಕು ಹಿಡಿದು ಶಾಖೆಯ ವಿಷಯವನ್ನು ಮುಂದಿನ ತಿಂಗಳು ತಿಳಿಸುವುದಾಗಿ ಹೇಳಿ ಎಲ್ಲರನ್ನೂ ಚಹಾಕ್ಕೆ ಕರೆದರು. ಕೆಳಗಿಳಿದಾಗ ಅವರು ಮಯೂರಿಯ ಮುಖ ನೋಡದೆ, "ನನಗೆ ಮೊದಲೇ ಹೇಳಬೇಕಿತ್ತು ಮ್ಯಾಡಮ್" ಎಂದರು. ಅದು ನಿಜವಿತ್ತು. "ಹೌದು ಸರ್, ಎರಡು ವರ್ಷ ಮೊದಲೇ" ಎಂದಳು. ಅವರು ಪುಸ್ತಿಕೆಯ ಕಟ್ಟುಗಳ ಕಡೆ ನೋಡಿ ನಿಟ್ಟುಸಿರಿಟ್ಟರು.

ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. "ಅಲ್ಲವಾ, ಇನ್ನ ಪ್ಯಾಟ್ಯಾಗ ನಾ ಏನ ಹೇಳ್ಲಿ?"

"ಕರಳ ಅಂತ ಹೇಳಪ್ಪಾ."

"ಬೆಲ್ಲದ ಅಂಗಡ್ಯಾಗ ಕುಂತ ಕರಳ ಅಂತ ಹೇಳ್ಲಿ?"

ಅಲ್ಲಪ್ಪ ಹಲ್ಲು ಕಿರಿಯುತ್ತಾನೆಂದು ಮಯೂರಿ ಕಾದಳು. ಅವನು ಕಿರಿಯಲಿಲ್ಲ. ಅಪ್ಪನ ಹೆಗಲ ಮೇಲೆ ಕೈ ಹಾಕಿದ. "ನಡಿಯೋ ಬಸವಣ್ಣೆಪ್ಪಾ, ಚಹಾ ಕುಡ್ಯೂಣು. ಇಷ್ಟ ಮಂದ್ಯಾಗ ತಪ್ಪಾತು ಅನ್ನಾಕ ನಿನಗ ಬರತೈತೇನ? ನನಗಂತೂ ಬರಂಗಿಲ್ಲ. ಆ ಹಾಳಿ ಹರದ ಹಾಕು, ಆಕೀದ ಒಂದ ಫೋಟೋ ಹಚ್ಚು." ಅಪ್ಪ ಅವನ ಜೊತೆ ನಡೆದ. ನಾಲ್ಕು ಹೆಜ್ಜೆ ಹೋಗಿ ಟೊಪ್ಪಿಗೆ ಹಾಕಿಕೊಂಡ.

ಸಭಾಗೃಹ ಖಾಲಿಯಾಗುತ್ತಿತ್ತು. ಮಯೂರಿ ಬಾಗಿಲ ಬಳಿಯ ಮೇಜಿಗೆ ಬಂದಳು. ಹೇಳುವುದನ್ನೆಲ್ಲ ಹೇಳಿಯಾಗಿದೆ ಎಂಬ ಹಗುರ ಅವಳಲ್ಲಿತ್ತು; ಮೋನಾಲಿ ಈಗ ನಗುತ್ತಾಳೆ, ಇರಲಿ ಬಿಡ್ರಿ ಎನ್ನುತ್ತಾಳೆ ಎಂದು ಎಲ್ಲೋ ಒಳಗೆ ನಂಬಿದ್ದಳು. ಮೋನಾಲಿ ಮರಾಠಿಯಲ್ಲಿ, "ಭಾಷಣ ಚೆನ್ನಾಗಿತ್ತು ಮ್ಯಾಡಂ" ಎಂದಳು.

"ಮೋನಾಲಿ."

"ನೀವು ಅವತ್ತ ಮರಾಠ್ಯಾಗ ಅಂದಿದ್ರ ಅಷ್ಟ ಮನಸಿಗೆ ಹತ್ತತಿರಲಿಲ್ರಿ." ಹುಡುಗಿ ಈಗ ಕನ್ನಡಕ್ಕೆ ಹೊರಳಿದ್ದಳು, ದನಿ ಸಣ್ಣದಾಗಿತ್ತು. "ಕನ್ನಡದಾಗ ಅಂದ್ರಿ. ನಮ್ಮವ್ವ ಮಾತಾಡೂ ಮಾತಿನ್ಯಾಗ. ಇವತ್ತ ಮಂದಿಗೆಲ್ಲ ಮರಾಠ್ಯಾಗ ಹೇಳಿದ್ರಿ, ಚಲೋ ಆತು. ಆದ್ರ ಕನ್ನಡದಾಗ ಅಂದದ್ದು ಹಂಗ ಉಳೀತಲ್ರಿ."

ಮಯೂರಿ ಖಾಲಿ ವೇದಿಕೆಯ ಕಡೆ ನೋಡಿದಳು. ಎಷ್ಟು ಸುಲಭವಾಗಿ, ಎಷ್ಟು ಚಂದದ ಮರಾಠಿಯಲ್ಲಿ ತಪ್ಪೊಪ್ಪಿಕೊಂಡು ಬಂದಿದ್ದೆ! ಅದಕ್ಕೂ ಚಪ್ಪಾಳೆ ಬೇಕಿತ್ತೇ ನನಗೆ? ಅಡುಗೆಮನೆಯ ಮಾತು, ಮಗಳನ್ನು ಮಲಗಿಸುವ ಮಾತು, ಅವ್ವ ಸಾಯುವಾಗ ಆಡಿದ ಮಾತು, ಅದರಲ್ಲಿ ಚುಚ್ಚಿ, ಮುಲಾಮನ್ನು ಬೇರೆ ಅಂಗಡಿಯಿಂದ ತಂದಿದ್ದೆ. "ನನ್ನ ತಪ್ಪಾತು ಮೋನಾಲಿ," ಎಂದಳು. "ಚಪ್ಪಲಿ ಅಂಗಡಿ ಅಂತ ಅನ್ನಬಾರದಿತ್ತು. ನಿಮ್ಮಪ್ಪಗ ತಿಳಿದದ್ದು ನನಗ ತಿಳಿದಿರಲಿಲ್ಲ. ತಿಳಿದ ಮ್ಯಾಲೂ ನಿನ್ನ ಮುಂದ ಬರಾಕ ಅಂಜಿದೆ."

ಮೋನಾಲಿ ಪುಸ್ತಿಕೆಗಳಿಂದ ಕೈ ತೆಗೆದಳು. ಆಮೇಲೆ, "ಅಪ್ಪಗ ಹೇಳ್ತೇನ್ರಿ," ಎಂದಳು. "ಅಂವಗ ನಗು ಬರತೈತಿ. ಜರ್ಮನ್ ಮಂದಿಗೂ ಇಷ್ಟ ತಡಾ ತಿಳೀತೇನ ಅಂತಾನ."

ಪುಸ್ತಿಕೆಯ ಐದುನೂರು ಪ್ರತಿಗಳಿದ್ದವು. ಮೊದಲ ಪುಟದಲ್ಲಿಯೇ ಗುಣ-ಗಾರ್ನ್‌ನ ಆ ಸಾಲು. ಮಯೂರಿ ಕುರ್ಚಿ ಎಳೆದುಕೊಂಡು ಮೇಜಿನ ಆಚೆ ಕೂತಳು, ಚೀಲದಿಂದ ಕರಿಯ ಪೆನ್ನು ತೆಗೆದು ಮೋನಾಲಿಗೆ ಕೊಟ್ಟಳು. "ನಾ ತಗದ ಕೊಡ್ತೇನಿ. ನೀ ಹೊಡದ ಹಾಕು, ಸರಿ ಇದ್ದದ್ದು ಬರಿ."

"ನಾನಾ? ಪುಸ್ತಕ ನಿಮ್ಮದಲ್ರಿ?"

"ಮಾತು ನಿಮ್ಮಪ್ಪಂದು."

ಮೋನಾಲಿ ಕೂತಳು. ಮೊದಲ ಪ್ರತಿಯಲ್ಲಿ ಗುಣದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಮರಾಠಿಯಲ್ಲಿ 'ಆತಡೆ' ಎಂದು ಬರೆದಳು. ಕರುಳಿಗೆ ಮರಾಠಿಯ ಹೆಸರು. ಒಂದು ಕ್ಷಣ ತಡೆದು, ಅದರ ಕೆಳಗೆ ಸಣ್ಣ ಕನ್ನಡ ಅಕ್ಷರಗಳಲ್ಲಿ 'ಕರುಳು' ಎಂದೂ ಬರೆದಳು. ಅಕ್ಷರ ಸ್ವಲ್ಪ ಸೊಟ್ಟಗಿತ್ತು, ಶಾಲೆಯಲ್ಲಿ ಕಲಿಯದೆ ಮನೆಯಲ್ಲಿ ಕಲಿತವರ ಅಕ್ಷರ. ಮಯೂರಿ ಪುಟ ತೆರೆದು ಕೊಡುತ್ತ ಹೋದಳು, ಪೆನ್ನು ಬರುತ್ತ ಹೋಯಿತು. ನಿಲೇಶ ಸರ್ ದೂರದಿಂದ ನೋಡಿದರು, ಹೋದರು, ಮತ್ತೆ ಬಂದರು, ಎರಡು ಕಪ್ ಚಹಾ ಇಟ್ಟು ಹೋದರು. ಆರಕ್ಕೆ ಋತುಜಾ ಫೋನು ಮಾಡಿದಳು.

"ಹೇಳಿದ್ರೇನ ಮಮ್ಮಿ ಹೆಸರ?"

"ಇಲ್ಲ ಪುಟ್ಟಿ. ಇವತ್ತ ಹೇಳಲಿಲ್ಲ. ಹೇಳತಾರೊ ಇಲ್ಲೊ ಗೊತ್ತಿಲ್ಲ."

"ಹಂಗಾರ ದಿನಾ ಆರಕ್ಕ ಬರಂಗಿಲ್ಲ?" ಆ ಪ್ರಶ್ನೆ ಮಯೂರಿಯ ಕರುಳಿಗೇ ತಗುಲಿತು. ಅವಳು ಅದನ್ನು ತಗುಲಗೊಟ್ಟಳು. ಮಗಳೇ ಮತ್ತೆ ಕೇಳಿದಳು, "ಮತ್ತ ನಿನ್ನ ದನಿ ಯಾಕ ನಕ್ಕಂಗ ಕೇಳಾಕತ್ತೈತಿ?"

"ಮನಿಗಿ ಬಂದ ಹೇಳ್ತೇನಿ. ಮಲಗಬ್ಯಾಡ, ಪೆನ್ಸಿಲ್ ಕೆಳಗಿಡು, ಅಜ್ಜಿ ಹಂತ್ಯಾಕ ಕುಂದ್ರು."

ಫೋನು ಕೆಳಗಿಟ್ಟು ಮುಂದಿನ ಪುಸ್ತಿಕೆಗೆ ಕೈ ಚಾಚಿದಳು. ಹೊಸ ಅಚ್ಚಿನ ಎರಡು ಪುಸ್ತಿಕೆಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಎದುರಿನಿಂದ ಮೋನಾಲಿ ತಲೆಯೆತ್ತದೆ, ಪೆನ್ನನ್ನು ಗಾಳಿಯಲ್ಲಿ ಹಿಡಿದು ಕಾಯುತ್ತ ಅಂದಳು, "ಮ್ಯಾಡಂ, ಎರಡ ಬಂದಾವ್ರಿ. ಒಂದ ಕೊಡ್ರಿ."